ಪಂಕ್ಚರ್ ಅಂಗಡಿ ಮುಂದ ಎರಡು ಜೋಡಿ ಕಾಲು

ಹೋಟಗಿ ಟೇಶನ್ ರಸ್ತಾದಾಗ ನನ್ನ ಅಂಗಡಿ.
ಟ್ಯೂಬು, ಟಾಯರು, ಕಬ್ಬಿಣದ ಬೋಗುಣಿ, ಅದರಾಗ ಕರೀ ನೀರು.
ತೂತು ಸುಳ್ಳು ಹೇಳಂಗಿಲ್ಲ, ಗುಳ್ಳಿ ಬಿಡ್ತದ.
ಮೂವತ್ತು ವರ್ಷದಾಗ ನಾ ಕಲ್ತ ವಿದ್ಯಾ ಇಷ್ಟೇ.

ಕಾರ್ತಿಕ ಮುಗದು ಛಳಿ ಬಿದ್ದ ಒಂದು ಸೋಮವಾರ
ಅಂಬಿಗರ ಮಲಕಾರಿ ಬಂದ,
ಹೆಗಲಿಗೊಂದೊಂದು ಜೋಡಿ ಕಾಲು ಹೊತ್ಕೊಂಡು.
ಸೊಂಟ ಇತ್ತು, ಎದಿ ಇತ್ತು, ಬೂಟು ಇದ್ದವು,
ಒಳಗ ಮನಿಷ್ಯಾ ಮಾತ್ರ ಇರಲಿಲ್ಲ.
ನನ್ನ ನಾಯಿ ಗಾಡಿ ಕೆಳಗ ಸೇರಿ ಅಲ್ಲಿಂದ ಬೊಗಳ್ತು.

"ನವೀ ಪೇಠದ ಸೇಠ ಎರಡೂ ಕೊಟ್ಟಾನ,
ಶುಕ್ರವಾರ ಒಂದು ವಾಪಸ್ ಮಾಡ್ಬೇಕು.
ಯಾವ್ದು ತಡೀತದ ನೋಡು. ನೀ ರಬ್ಬರಿನಾಂವ."

ಹಸರದು ಗಟ್ಟಿ. ಗಟಾರದಾಗ ಇಳಿಯೋರು ಹಾಕ್ಕೊಳ್ಳೋದು.
ಜಾಲಿ ಮುಳ್ಳಿಗೆ ಬಗ್ಗಂಗಿಲ್ಲ,
ಮೊಣಕಾಲಿಗೂ ಬಗ್ಗಂಗಿಲ್ಲ.
ಖಾಕೀದು ಮೆತ್ತಗ, ನಿನ್ನೆ ಹುಟ್ಟಿದ ಎಮ್ಮಿಕರದ ಕಿವಿಯಂಗ;
ಆದ್ರ ತೊಡಿ ಸಂದಿನ ಹೊಲಿಗಿ ಒಂದೇ ಎಳಿ.
ನಾ ಅಂದೆ: ಟಾಯರ್ ಆಗ್ಲಿ ಚೊಣ್ಣ ಆಗ್ಲಿ
ಹರಿಯೋದು ಕೂಡಿದಲ್ಲೇ. ಮೊದಲು ಕೂತು ನೋಡು.

ಹಸರದ್ರಾಗ ಕೂತ. ಎದಿ ಏರಿ ಗದ್ದ ಹಿಡೀತು,
ಆಮಿ ಆದ.
ಖಾಕೀದ್ರಾಗ ಚಕ್ಕಳಮಕ್ಕಳ ಹಾಕಿ ಬೀಡಿ ಹಚ್ಚಿದ.
ಬೂಟಿನಾಗ ಬೆರಳಾಡ್ತಾವೇನು?
"ಉಣ್ಣಿ ಕಾಲುಚೀಲ ಎರಡು ಹಾಕಿದ್ರೂ ಆಡ್ತಾವ."
ನಡಾಕ ಪಟ್ಟಾ ಬಿಗದ. ಅದು ಇರ್ಲೇಬೇಕು,
ಕಾಲು ಜಾರಿದ್ರ ಕೆರಿ ಎಲ್ಲಾ ಒಳಗ ಬರ್ತದ,
ತೊಟ್ಟಾಂವನ ತೊಟ್ಟಿ ಆಗ್ತಾನ.

ಅವರಪ್ಪಗ ಇಂಥದಿರಲಿಲ್ಲ.
ಎದಿಮಟ ಕುಸುಬಿ ಎಣ್ಣಿ, ತಲಿಗೆ ತೂತಿನ ಗಡಗಿ,
ಪುಷ್ಯದ ನಸುಕಿನಾಗ ಕೆರ್ಯಾಗ ಕುತ್ತಿಗಿಮಟ.
ಎಂಟು ದಿನ ಖಾಲಿ ಗಡಗಿ ತೇಲಿಬಿಡೋದು,
ಬಾತಿಗೆ ಬ್ಯಾಸರ ಬರೂತನಕ.
ಒಂಬತ್ತನೇ ದಿನದ ಗಡಗ್ಯಾಗ ಕಣ್ಣು.
ನೀರಿನ ಕೆಳಗ ಕೈ, ಕೈಯಾಗ ಕಾಲು, ಒಂದು ಜಗ್ಗು.
ಬಾಜೂದ ಬಾತಿಗೂ ಗೊತ್ತಾಗ್ತಿರಲಿಲ್ಲ.

ಮಲಕಾರಿನೂ ಹನ್ನೆರಡು ವರ್ಷ ಜಗ್ಗಿದ.
ಒಮ್ಮೆ ಸಿಕ್ಕಬಿದ್ದು
ಸೊಲ್ಲಾಪುರ ಕೋರ್ಟಿಗೆ ಎರಡು ವರ್ಷ ತಾರೀಖಿಗಿ ಅಡ್ಡಾಡಿದ.
ಈಗ ಅದೇ ಫಾರೆಸ್ಟಿನವರು ಕರೀತಾರ:
ಬಲಿ ಹಾಕು, ಹಿಡಿ, ಕಾಲಿಗೆ ಉಂಗುರ ಹಾಕು, ಬಿಡು.
"ಹಿಡಿಯೋದು ಬರ್ತದ," ಅಂತಾನ,
"ಬಿಡೋದು ಕಲೀಲಿಕತ್ತೀನಿ.
ಸೂಜಿಬಾಲದ್ದು ಒಂದು ಬಿಟ್ಟೆ. ಅದು ಹಾರಿ ಹೋತು,
ಕೈ ಇನ್ನೂ ಮುಚ್ಚೇ ಇತ್ತು."

ಖಾಕೀದರ ಬಾಯಿ ಕಟ್ಟಿ ಪಂಪ್ ಹಚ್ಚಿದೆ.
ಉಬ್ಬಿತು, ತಲಿ ಇಲ್ಲದ ಪೈಲವಾನ.
ಸಬಕಾರದ ನೀರು ಸವರಿದೆ.
ತೊಡಿ ಹೊಲಿಗಿ ಸುಮ್ಮನಿತ್ತು. ನನ್ನ ಮಾತು ಸುಳ್ಳಾತು.
ಎಡಗಾಲ ಹೆಬ್ಬೆರಳಿನ ಹಂತೇಲಿ ಒಂದೇ ಗುಳ್ಳಿ,
ಸಾಸಿವಿ ಕಾಳಿನಷ್ಟು,
ಬಂತು, ಒಡೀತು, ಮತ್ತ ಬಂತು.

ಪ್ಯಾಚ್ ಕೊಯ್ಲಿಕ್ಕ ಕತ್ರಿ ತಗೊಂಡೆ. "ತಡಿ," ಅಂದ.
"ನಿನ್ನೆ ಹಸರದು ಹಾಕ್ಕೊಂಡು ಕೆರ್ಯಾಗ ನಿಂತೆ.
ತಂಪಿಲ್ಲ. ತೊಡಿ ಸವರಿ ಹೋಗೋ ಮೀನಿಲ್ಲ.
ಬಾತು ಕಾಲು ಬಡದ್ರ ಏಳೋ ಸುಳಿ
ಮೊಣಕಾಲಿಗೆ ತಾಕಂಗಿಲ್ಲ.
ಕೆರಿ ಬಾಜೂ ಮನ್ಯಾಗ ಇದ್ದಂಗ, ನಾ ಈ ಮನ್ಯಾಗ.
ಈ ಒಂದು ಸಾಸಿವಿ ಇರ್ಲಿ."

ಹಸರದು ಹೊತ್ಕೊಂಡು ಬಸ್ಸು ಹತ್ತಿದ.
ಖಾಕೀದು ಮಡಚಬ್ಯಾಡ, ಬುಡಮೇಲ ತೂಗಹಾಕು,
ಮಡಿಕಿ ಬಿದ್ದಲ್ಲೇ ಸೀಳ್ತದ, ಅಂತ ಒದರಿದೆ.

ಗುರುವಾರ ಮಧ್ಯಾಹ್ನ ಅವನ ಹೆಂಡತಿ ಭಾಗೂಬಾಯಿ ಬಂದಳು,
ಖಾಕೀದು ಸೆರಗಿನಾಗ ಮುಚ್ಕೊಂಡು,
ಕದ್ದ ಕೂಸಿನಂಗ.
"ಹೋದ ವರ್ಷ ಇಡೀ ರಾತ್ರಿ ಕೆಮ್ಮಿದಾಂವ ಅವ,
ಕೇಳಿದಾಕಿ ನಾ. ಹಚ್ಚು. ಅವಗ ಹೇಳಬ್ಯಾಡ."
ಒಳಗಿಂದ ಹಚ್ಚಿದೆ, ಹೊರಗ ಕಾಣದಂಗ.
ಇಪ್ಪತ್ತು ರೂಪಾಯಿ. ಎಣಿಸಿ ಕೊಟ್ಟಳು.

ಆಯ್ತವಾರ ಮುಂಜಾನೆ ಮಲಕಾರಿ ಬಂದ, ಒದ್ದಿ ಮುಂಡಾಸ,
ಮೀಶ್ಯಾಗ ಪಾಚಿ. ಬಯ್ತಾನ ಅಂದ್ಕೊಂಡಿದ್ದೆ.
"ಭಾರೀ ಆರಿಸಿದ್ದಿ ನೋಡು," ಅಂದ.
"ಎಡಗಾಲಿಗೆ ಅಷ್ಟೇ, ಬೆರಳ ಸಂದ್ಯಾಗ,
ತಣ್ಣಗ ಬರ್ತದ ಕೆರಿ."

ನಾ ಏನೂ ಅನ್ನಲಿಲ್ಲ.
ಯಾರದೋ ಸ್ಕೂಟರಿನ ಟ್ಯೂಬು ಬೋಗುಣ್ಯಾಗ ಅದ್ದಿ
ಗುಳ್ಳಿ ಹುಡುಕ್ತಾ ಕೂತೆ.